ಅರಿಸಿನಕ್ಕೆ ಸೋಪು ತಗುಲಿ

ಮೊದಲು ಬ್ಯಾಲರಾಟಿನ ಕಂಪನಿಗೆ ಫೋನು ಮಾಡಿದೆ.
'ಯಾವೂರು?' ಅಂದಳು ಹುಡುಗಿ. ಹೇಳಿದೆ.
'ಅಕ್ಷರ ಬಿಡಿಸಿ ಹೇಳಿ.' ಬಿಡಿಸಿದೆ.
ನಕಾಶೆಯಲ್ಲಿ ಹುಡುಕಿದಳೇನೋ, ಕೀಲಿಮಣೆಯ ಟಕಟಕ.
ಕೊನೆಗೆ: ಕಾರ್ಪೆಟ್ಟು ತೊಳೆಯಲು ಇಷ್ಟು,
ಅಲ್ಲಿಯವರೆಗೆ ಬರಲು ಅದರ ಎರಡರಷ್ಟು.

ಅಂಗಡಿಯ ವಿಲ್ಮಾ ಹಾಲಿಗೆ ಬಿಲ್ಲು ಹಾಕುತ್ತ
'ಕ್ಲೆಮ್ ಇದ್ದಾನಲ್ಲ' ಅಂದಳು,
ನಲ್ಲಿಯಲ್ಲಿ ನೀರು ಇದೆಯಲ್ಲ ಅಂದಷ್ಟು ಸಲೀಸಾಗಿ.
ಹಲಗೆಯ ಮೇಲೆ ಅವನ ಚೀಟಿ,
ಮಾರಾಟಕ್ಕಿದ್ದ ಕುರಿನಾಯಿ ಮರಿಗಳ ಕೆಳಗೆ:
ಕಾರ್ಪೆಟ್ಟು, ಸೋಫಾ, ಸೆಪ್ಟಿಕ್ ಟ್ಯಾಂಕು.
ಅದರಡಿಗೆ ದಪ್ಪಕ್ಷರದಲ್ಲಿ: ಯಂತ್ರಗಳು ಬೇರೆ ಬೇರೆ.

ಬುಧವಾರ ಬಂದ. ನಾನು ಕೇಳುವ ಮೊದಲೇ
ಬೂಟು ಹೊಸ್ತಿಲಾಚೆ ಬಿಟ್ಟ.
ಕಾಲುಚೀಲದಲ್ಲಿ ಹೆಬ್ಬೆರಳಿಗೊಂದು ಕಿಟಕಿ.
ಮಂಡಿಯೂರಿ, ಎಳೆ ಬಿಡಿಸಿ ನೋಡಿದ,
ಮಗಳ ತಲೆಯಲ್ಲಿ ಹೇನು ಹುಡುಕುವ ತಾಯಿಯಂತೆ.
'ಉಣ್ಣೆ' ಅಂದ.
'ಮೂವತ್ತೊಂದು ವರ್ಷ ಕುರಿಗಳ ತುಪ್ಪಟ ಕತ್ತರಿಸಿದೆ.
ಸೊಂಟ ಕೈಕೊಟ್ಟಿತು. ಈಗ ಅದೇ ತುಪ್ಪಟಕ್ಕೆ ಸ್ನಾನ ಮಾಡಿಸ್ತೀನಿ.
ಇದು ವಾಸಿ. ಒದೆಯೋದಿಲ್ಲ.'

ಬಾಡಿಗೆ ಮನೆ. ಇಪ್ಪತ್ತೆಂಟಕ್ಕೆ ಕೀಲಿ ಒಪ್ಪಿಸಬೇಕು,
ತೊಳೆಸಿದ ರಸೀದಿ ತೋರಿಸಿದರೆ ಠೇವಣಿ ವಾಪಸ್ಸು.
ನಾಲ್ಕು ವರ್ಷ ಇಲ್ಲಿಯ ಪುಟ್ಟ ಆಸ್ಪತ್ರೆಯಲ್ಲಿ ರಾತ್ರಿಪಾಳಿ,
ಈ ಉಣ್ಣೆಯ ಮೇಲೆ ಚಾಪೆಯೂ ಇಲ್ಲದೆ ಹಗಲು ನಿದ್ದೆ.

ಅವನು ಕಲೆಗಳ ಗುರುತು ಹಿಡಿದ,
ಮದುವೆಮನೆಯಲ್ಲಿ ದೂರದ ನೆಂಟರನ್ನು ಹಿಡಿವಂತೆ.
'ಇದು ನಿನ್ನದಲ್ಲ. ಮಿಸೆಸ್ ಪಾಸ್ಕೋಳ ಬೆಕ್ಕು.
ಇದು ಕೆಂಪು ವೈನು, ಶಾಲೆಯ ಮೇಷ್ಟ್ರದ್ದು,
ಹೆಂಡತಿ ಬಿಟ್ಟುಹೋದ ವರ್ಷ.
ಆಗ ಪ್ರತಿ ತಿಂಗಳೂ ನನ್ನ ಕರೆಸ್ತಿದ್ದ.
ಕಲೆಗಲ್ಲ.'
ಯಂತ್ರದ ಕೊಳವೆ ಹೆಗಲಿಗೆ ಸರಿಸಿಕೊಂಡು
ಅಡುಗೆಮನೆಯ ಬಾಗಿಲಲ್ಲಿ ನಿಂತ.
'ಇದು ನಿನ್ನದು.'

ಹೌದು. ಬಂದ ಮೊದಲ ವಾರ
ಅಂಗೈಯಗಲದ ಜೇಡ ಕಂಡು ಕೈಬಿಟ್ಟ ಅರಿಸಿನದ ಡಬ್ಬಿ.
ಜೇಡ ಓಡಿತು. ಹಳದಿ ಕೂತಿತು.
ಅದರ ಮೇಲೊಂದು ಕಾಲೊರಸು, ನಾಲ್ಕು ವರ್ಷ.

ಕ್ಲೆಮ್ ತನ್ನದೇ ಸೋಪಿನ ನೀರು ಸಿಂಪಡಿಸಿದ.
ಹಳದಿ ಕೆಂಪಾಯಿತು.
ಇನ್ನಷ್ಟು ಸಿಂಪಡಿಸಿದ. ಇನ್ನಷ್ಟು ಕೆಂಪು.
ಟಗರಿನ ಕೊಂಬು ಹಿಡಿದು ಕೆಡವಿದ ಆ ಕೈ
ಸಣ್ಣಗೆ ನಡುಗಿತು.
'ಇಂಥದು ಎಂದೂ ಆಗಿಲ್ಲ. ನಿನ್ನ ಠೇವಣಿ ನಾನೇ ಕೊಡ್ತೀನಿ.'

ನಾನು ನಕ್ಕೆ, ಹೊಟ್ಟೆ ಹಿಡಿದು, ಗೋಡೆಗೊರಗಿ.
'ಓಕುಳಿ ಕಣೋ' ಅಂದೆ, ಕನ್ನಡದಲ್ಲೇ.
ಅರಿಸಿನಕ್ಕೆ ಸುಣ್ಣ ಬಿದ್ದರೂ ಹೀಗೇ.
ತಟ್ಟೆಯಲ್ಲಿ ಕಲಸಿ, ಮನೆಗೆ ಬಂದವರಿಗೆ ನಿವಾಳಿಸಿ
ಬಾಗಿಲಾಚೆ ಚೆಲ್ಲುವ ನೀರು.
ಹೊರಡುವವರಿಗೆ ಆ ಪದ್ಧತಿ ಇಲ್ಲ;
ಬಂದ ದಿನದ್ದನ್ನು ಈ ಮನೆ
ಬಾಕಿ ಇಟ್ಟುಕೊಂಡಿತ್ತೇನೋ.

ಇಷ್ಟೆಲ್ಲ ಅವನಿಗೆ ಹೇಗೆ ಹೇಳಲಿ? 'ವಿನೆಗರ್' ಅಂದೆ.
ಕೆಂಪು ತಣ್ಣಗೆ ಹಳದಿಗೆ ಮರಳಿತು.
'ಇನ್ನು ಬಿಸಿಲು' ಅಂದೆ.
ಇಬ್ಬರೂ ಪರದೆ ಕಳಚಿದೆವು.
ಕೊಯ್ದು ಮುಗಿದ ಗೋಧಿಹೊಲ, ಅದರಾಚೆ ಸೈಲೋ,
ಜನವರಿಯ ಬಿಸಿಲು ಒಳಬಂದು
ಕಲೆಯ ಮೇಲೆ ಕುಕ್ಕರಬಡಿಯಿತು.
'ಎಷ್ಟು ಹೊತ್ತು?'
'ಒಂದು ವಾರ. ಹೆಚ್ಚೂ ಆಗಬಹುದು.'
ಜೇಬಿನಿಂದ ಪುಸ್ತಕ ತೆಗೆದು, ಪೆನ್ಸಿಲ್ ನೆಕ್ಕಿ,
ಕಲೆಯ ಹೆಸರು ಬರೆದುಕೊಂಡ,
ಪಕ್ಕದಲ್ಲಿ ನನ್ನ ಹೆಸರು, ಒಂದಕ್ಷರ ತಪ್ಪಾಗಿ.
ದುಡ್ಡು ಅರ್ಧ ಮಾತ್ರ ತಗೊಂಡ. ಕಲಿಸಿದ್ದಕ್ಕೆ ಉಳಿದರ್ಧ.

ಇಪ್ಪತ್ತೆಂಟಕ್ಕೆ, ಯಾರೂ ಕರೆಯದೆ, ಬಂದ.
ಬೂಟು ಬಿಟ್ಟ. ಮಂಡಿಯೂರಿದ.
ನನಗೆ ಅಲ್ಲೇನೂ ಕಾಣಲಿಲ್ಲ.
ಅವನು ಬೆರಳಿಟ್ಟ ಜಾಗ ಮಾತ್ರ
ಸರಿಯಾಗಿ ಅದೇ.